ಒಂದು ಬೆರಳಷ್ಟು ಸಡಿಲ

ಮೇಸ್ತ್ರಿ ಊಟವಾದಾಗಿನಿಂದ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ, ಏನೂ ಮಾಡುತ್ತಿರಲಿಲ್ಲ. ಎದೆಯ ಮೇಲಿಟ್ಟುಕೊಂಡಿದ್ದ ಸ್ಪ್ಯಾನರು ಉಸಿರಿನೊಂದಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಮೂಗಿನಿಂದ ಒಂದು ಗೇಣು ಮೇಲೆ ಗೇರ್‌ಬಾಕ್ಸು ಮಲಗಿದ ಪ್ರಾಣಿಯ ಹೊಟ್ಟೆಯ ಹಾಗೆ ಇನ್ನೂ ಬೆಚ್ಚಗಿತ್ತು. ಅದರ ತಳದ ತಿರುಪಿನಲ್ಲಿ ಒಂದು ಹನಿ ಎಣ್ಣೆ ಕಟ್ಟಿಕೊಂಡು, ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು. ಅದು ಬಿದ್ದ ಮೇಲೆ ಏಳೋಣ ಎಂದುಕೊಂಡ. ಅದು ಬೀಳಲಿಲ್ಲ. ಗೇರಿನ ಪೆಟ್ಟಿಗೆಯನ್ನು ಇಳಿಸಿ, ಬಿಚ್ಚಿ, ತೊಳೆದು, ಕಟ್ಟಿ, ಮತ್ತೆ ಏರಿಸಿದ್ದಾಗಿತ್ತು. ಅದೂ ಒಂದು ಸಲವಲ್ಲ. ಗೇರನ್ನು ಹಿಡಿದಿಡುವ ಉಕ್ಕಿನ ಗುಂಡು ಸರಿಯಾಗಿತ್ತು, ಗುಂಡನ್ನು ಒತ್ತುವ ಸ್ಪ್ರಿಂಗು ಹೊಸದು, ಗೇರನ್ನು ತಳ್ಳುವ ಫೋರ್ಕು ಎಲ್ಲೂ ಬಾಗಿರಲಿಲ್ಲ, ಹಲ್ಲಿನ ಮೂಲೆಗಳು ಉಗುರಿಗೆ ಚೂಪಾಗಿ ಸಿಗುತ್ತಿದ್ದವು. ಎಲ್ಲ ಸರಿಯಿತ್ತು. ಅದೇ ತೊಂದರೆ. ಅವನು ಓಡಿಸಿ ನೋಡಿದರೆ ಮೂರನೆಯ ಗೇರು ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು. ಡ್ರೈವರ್ ಬುಗುರಿ ಓಡಿಸಿದರೆ, ಇಳಿಜಾರಿನ ತಿರುವಿನಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ, ಟಕ್ ಎಂದು ಕಳಚಿಕೊಂಡು ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಆಗ ಕಾರಿಗೆ ಇಂಜಿನ್ನಿನ ಹಿಡಿತ ತಪ್ಪಿ, ಹಗ್ಗ ಹರಿದ ಕರುವಿನ ಹಾಗೆ ತಿರುವಿನ ಹೊರಗಡೆಗೆ ಜಾರುತ್ತಿತ್ತು.

ಆ ಟಕ್ ಎಂಬ ಸದ್ದು ಈಗ ಎಲ್ಲ ಕಡೆಯೂ ಕೇಳಿಸುತ್ತಿತ್ತು. ಹೆಂಡತಿ ಟ್ರಂಕಿನ ಬೀಗ ಹಾಕಿದಾಗ, ಯಾರೋ ಬೆರಳಿನ ಗಂಟು ಮುರಿದಾಗ, ನಿದ್ದೆಯ ಅಂಚಿನಲ್ಲಿ ಕಾಲು ಜಾರಿದಂತಾಗುವ ಕ್ಷಣದಲ್ಲಿ. ಹಾಗೆ ಬೆಚ್ಚಿದಾಗಲೆಲ್ಲ ಅವನಿಗೆ ಬೆಂಚಿನ ಮೇಲಿದ್ದ ಎರಡು ಪೆಟ್ಟಿಗೆಗಳು ಕಾಣುತ್ತಿದ್ದವು. ಒಂದು ಐದು ಗೇರಿನದು, ಹೊಸದು, ರಸ್ತೆಯ ಕಾರಿಗೆಂದು ಮಾಡಿದ್ದು. ಇನ್ನೊಂದು ನಾಲ್ಕು ಗೇರಿನದು, ಅವನಷ್ಟೇ ವಯಸ್ಸಾದದ್ದು, ಮೈಯೆಲ್ಲ ಮಸಿ. ಎರಡರ ತುದಿಯನ್ನೂ ಕೈಯಿಂದ ತಿರುಗಿಸುತ್ತ, ಕಣ್ಣು ಮುಚ್ಚಿ ಕಿವಿ ಕೊಟ್ಟು ಒಂದು ಇಡೀ ದಿನ ಕೂತಿದ್ದ. ಈ ರೇಸ್ ಕಾರಿನದು ನಾಲ್ಕು ಸಿಲಿಂಡರಿನ ಸಣ್ಣ ಇಂಜಿನ್ನು. ಕೆಳಗಿನ ವೇಗದಲ್ಲಿ ತೂಕಡಿಸುವ ಗುಮಾಸ್ತ, ಮೇಲೆ ಹೋದರೆ ಮೈಮೇಲೆ ದೆವ್ವ ಬಂದವನು. ಅದನ್ನು ತೂಕಡಿಸಲು ಬಿಡಬಾರದು, ಅಷ್ಟೇ ವಿದ್ಯೆ. ಐದರ ಪೆಟ್ಟಿಗೆಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ನಿನ ವೇಗ ದಡಕ್ಕನೆ ಬೀಳುತ್ತಿತ್ತು. ನಾಲ್ಕರದ್ದರಲ್ಲಿ ಗೇರಿನ ಮೆಟ್ಟಿಲುಗಳು ಹತ್ತಿರ ಹತ್ತಿರ, ಅದನ್ನೇ ಆರಿಸಿದ್ದ. ಐದಿದ್ದರೆ ಒಂದು ಹೆಚ್ಚೇ ಅಲ್ಲವೇ ಎಂದು ಬುಗುರಿ ಕೇಳಿದ್ದ. ಎಷ್ಟು ಮೆಟ್ಟಿಲು ಅನ್ನುವುದಲ್ಲ, ಒಂದೊಂದೂ ಎಷ್ಟು ಎತ್ತರ ಅನ್ನುವುದು ಮುಖ್ಯ ಎಂದು ಮೇಸ್ತ್ರಿ ಗದರಿದ್ದ. ಹಾಗೆ ಗದರಿದ ದಿನದಿಂದ ಆ ಹಳೆಯ ಪೆಟ್ಟಿಗೆ ಬರೀ ಪೆಟ್ಟಿಗೆಯಾಗಿ ಉಳಿದಿರಲಿಲ್ಲ. ಅದು ಅವನ ಮಾತಾಗಿತ್ತು. ಮಾತು ಜಾರಿದರೆ ಎತ್ತಿಕೊಳ್ಳಬಹುದೇ?

ಬುಗುರಿ ಅವನ ಹೆಂಡತಿಯ ತಮ್ಮ. ಚಿಕ್ಕವನಿದ್ದಾಗ ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದುದಕ್ಕೆ ಬಂದ ಹೆಸರು ಮೀಸೆ ಬಂದರೂ ಹೋಗಲಿಲ್ಲ. ವಾರವೆಲ್ಲ ಬ್ರೆಡ್ಡಿನ ವ್ಯಾನು ಓಡಿಸಿಕೊಂಡಿದ್ದು, ರಜೆಯ ದಿನ ಯಜಮಾನರ ರೇಸ್ ಕಾರು ಓಡಿಸುತ್ತಿದ್ದ. ಯಜಮಾನರೆಂದರೆ ಕಾರಿನ ಒಡೆಯರು. ಸ್ವತಃ ಓಡಿಸಲು ಬಾರದು, ಗೆದ್ದದ್ದನ್ನು ನೋಡಲು ಬಹಳ ಇಷ್ಟ. ಹೋದ ರಜೆಯ ದಿನ ಟ್ರ್ಯಾಕಿನ ಪಕ್ಕದ ಶೆಡ್ಡಿನಲ್ಲಿ ಬುಗುರಿ ಕಾರು ತಂದು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಮೂರನೆಯದು ಮತ್ತೆ ಬೀಳುತ್ತಿದೆ ಭಾವ ಎಂದು ಮೆಲ್ಲಗೆ ಹೇಳಿದ. ಮೆಲ್ಲಗೇ ಹೇಳಿದ್ದ, ಅದು ಈಗ ನೆನಪಾಗುತ್ತಿತ್ತು. ಯಜಮಾನರು ಕೇಳಿಸಿಕೊಂಡರು. ಹಳೇ ಪೆಟ್ಟಿಗೆ ಬೇಡ ಅಂತ ಇವನು ಮೊದಲೇ ಅಂದಿದ್ದನಲ್ಲವೇ ಎಂದರು. ಅಷ್ಟು ಸಾಕಾಯಿತು. ಮೇಸ್ತ್ರಿಯ ಕೋಪಕ್ಕೆ ಮೂಗಿನ ತುದಿಯೂ ದೂರ.

"ಪೆಟ್ಟಿಗೆಗೇನೂ ಆಗಿಲ್ಲ. ನಾನು ಓಡಿಸಿದ್ರೆ ನಿಲ್ಲುತ್ತೆ, ಇವನು ಓಡಿಸಿದ್ರೆ ಬೀಳುತ್ತೆ. ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಲಿವರ್ ಮೇಲಿಂದ ಕೈ ತೆಗಿಯೋ, ಅದೇನು ನಿನ್ನ ಊರುಗೋಲಾ? ಇಪ್ಪತ್ತನಾಲ್ಕು ಗಂಟೆ ಕೈ ಇಟ್ಕೊಂಡು ಕೂತ್ರೆ ಫೋರ್ಕು ಸವೆಯದೆ ಇನ್ನೇನಾಗುತ್ತೆ?"

ಸುಳ್ಳೇನೂ ಅಲ್ಲ. ಗೇರಿನ ಲಿವರಿನ ಮೇಲೆ ಕೈಯ ಭಾರ ಹಾಕಿ ಓಡಿಸುವವರ ಫೋರ್ಕು ಸವೆಯುತ್ತದೆ. ವಿದ್ಯೆ ಬಲ್ಲವರೆಲ್ಲ ಒಪ್ಪುವ ಮಾತು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಟೈರು ಬದಲಿಸುತ್ತಿದ್ದವರು ನಕ್ಕರು. ಪಕ್ಕದ ಶೆಡ್ಡಿನವನು ಊರುಗೋಲು ಹಿಡಿದ ಮುದುಕನ ಹಾಗೆ ನಡೆದು ತೋರಿಸಿದ. ಬುಗುರಿ ಎಡಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈಯಲ್ಲಿ ಏನೋ ಕೊಳೆ ಇದೆಯೆಂಬಂತೆ ತೊಡೆಯ ಮೇಲೆ ಒಮ್ಮೆ, ಮತ್ತೊಮ್ಮೆ. ಯಜಮಾನರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಹಾಗಾದರೆ ಕೈ ಸರಿಯಿರುವವನನ್ನೇ ನೋಡೋಣ, ಭಾನುವಾರದ ರೇಸಿಗೆ ಬೇರೆ ಹುಡುಗನಿಗೆ ಹೇಳಿಡುತ್ತೇನೆ ಎಂದರು. ಮೇಸ್ತ್ರಿ ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯದ ಹಾಗೆ.

ಹನಿ ಕೊನೆಗೂ ಬಿದ್ದಿತು, ಹಣೆಯ ಮೇಲೆ. ಒರೆಸಿಕೊಳ್ಳದೆ ಎದ್ದು ಮನೆಗೆ ನಡೆದ. ಬೀದಿಯ ಬಿಸಿಲು ಎಣ್ಣೆಯ ಹಾಗೆ ಮಂದವಾಗಿ ಹರಿಯುತ್ತಿತ್ತು. ಎದುರಿಗೆ ಸಿಕ್ಕವರು ಏನು ಕೇಳಿದರು, ತಾನೇನು ಹೇಳಿದೆ, ಎರಡೂ ಹಿಂದೆ ಉಳಿದವು. ನೆನಪಿನಲ್ಲಿ, ಒಂದು ಹಳೆಯ ವ್ಯಾನಿನೊಳಗೆ ಅವನು ಕೂತಿದ್ದ. ತೊಡೆಯ ಮೇಲೆ ಹೆಂಡತಿಯ ಪುಟ್ಟ ತಮ್ಮ. ಮದುವೆಯಾದ ಹೊಸತು, ಅತ್ತೆಯ ಮನೆಯಲ್ಲಿ ಯಾರೊಡನೆ ಏನು ಮಾತಾಡಬೇಕೆಂದು ತೋಚದೆ ಹುಡುಗನನ್ನು ಎತ್ತಿಕೊಂಡು ಹೊರಗೆ ಬಂದಿದ್ದ. ಹುಡುಗನ ಕೈ ಲಿವರಿನ ತುದಿಯ ಗುಂಡಿನ ಮೇಲೆ, ಅದರ ಮೇಲೆ ಇವನ ಕೈ. ಅಷ್ಟು ಚಿಕ್ಕ ಕೈ, ಅಂಗೈಯೊಳಗೆ ಗುಬ್ಬಿ ಸಿಕ್ಕಂತೆ ಬಡಿದುಕೊಳ್ಳುತ್ತಿತ್ತು. ವ್ಯಾನು ನಡುಗಿ ಹೊರಟಾಗ ಹುಡುಗ ಕೈ ಎಳೆದುಕೊಳ್ಳಲು ನೋಡಿದ. ಹೆದರಬೇಡ, ಕೈ ಇಲ್ಲೇ ಇರಲಿ ಎಂದು ಇವನು ಹೇಳಿದ್ದ. ಕೈ ಇಲ್ಲೇ ಇರಲಿ. ಮೇಸ್ತ್ರಿ ಬೀದಿಯ ಮಧ್ಯೆ ನಿಂತುಬಿಟ್ಟ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಸುತ್ತಿ ಹೋದ.

ಮನೆಯಲ್ಲಿ ಹೆಂಡತಿ ಹೊಲಿಗೆಯ ಯಂತ್ರದ ಮುಂದೆ ಕೂತಿದ್ದಳು. ಅಡುಗೆಮನೆಯ ಹಲಗೆಯ ಮೇಲೆ ತಮ್ಮನ ತಟ್ಟೆಯನ್ನು ಕವುಚಿಟ್ಟಿದ್ದಳು. ವ್ಯಾನಿನ ಕೆಲಸ ಮುಗಿಸಿ ಅವನು ದಿನವೂ ಇಲ್ಲೇ ಉಣ್ಣುತ್ತಿದ್ದ, ಈಗ ಬರುತ್ತಿರಲಿಲ್ಲ. ಸಂಜೆಯಾದರೆ ತಟ್ಟೆ ತೆಗೆದಿಡುತ್ತಿದ್ದಳು, ಊಟವಾದ ಮೇಲೆ ತೊಳೆಯುವ ಅಗತ್ಯವಿಲ್ಲದ ತಟ್ಟೆಯನ್ನು ಮತ್ತೆ ತೊಳೆದು ಕವುಚುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಟ್ಟೆಯ ಜೊತೆ ಜಗಳಾಡುವುದು ಹೇಗೆ?

ಅವನ ಕೆಲಸದ ಕೋಟಿನ ಕಂಕುಳು ಹರಿದಿತ್ತು. ಬಿಚ್ಚುವುದು ಬೇಡ, ಹಾಗೇ ನಿಲ್ಲಿ ಎಂದು ಅವಳು ಸೂಜಿ ಹಿಡಿದು ಪಕ್ಕದಲ್ಲಿ ನಿಂತಳು. ಅವಳ ತಲೆಯಿಂದ ಸೀಗೆಯ ವಾಸನೆ ಬಂತು. ಮೇಜಿನ ಮೇಲಿದ್ದ ಚಹದ ಲೋಟಕ್ಕೆ ಮೇಸ್ತ್ರಿ ಕೈ ಚಾಚಿದ. ಬಲಗೈ, ಮುಂದಕ್ಕೆ. ಲೋಟ ಬೆರಳಿಗೆ ಸಿಕ್ಕಿತು, ಆದರೆ ಹಿಡಿತಕ್ಕೆ ಸಿಗಲಿಲ್ಲ. ಬೆನ್ನಿನ ಹಿಂದಿನಿಂದ, ಎಡ ಹೆಗಲಿನ ಮೂಲೆಯಿಂದ, ಬಟ್ಟೆ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು. ಜೋರಾಗಿ ಅಲ್ಲ. ಹಟಮಾರಿ ಮಗು ಅಂಗಿಯ ತುದಿ ಹಿಡಿದು ನಿಂತ ಹಾಗೆ. ಕೋಟು ಜೋಲುತ್ತದೆ, ಬೆನ್ನಿನಲ್ಲಿ ಒಂದು ಮಡಿಕೆ ಹಾಕಿ ಬಿಗಿ ಮಾಡು ಎಂದು ಅವನೇ ಅವಳಿಗೆ ಹೇಳಿ ಮಾಡಿಸಿದ್ದು. ಕೈಯನ್ನು ಹಾಗೇ ಚಾಚಿ ನಿಂತ. ತೋಳಿನ ಬಲ ಸಡಿಲಿಸಿದ. ತೋಳು ತಾನಾಗಿ, ಅವನ ಇಚ್ಛೆಯಿಲ್ಲದೆ, ಲೋಟದಿಂದ ಒಂದು ಬೆರಳಷ್ಟು ಹಿಂದಕ್ಕೆ ಬಂದಿತು.

"ಅಲ್ಲಾಡಬೇಡಿ ಅಂದ್ರೆ," ಎಂದಳು ಅವಳು, ಹಲ್ಲಿನ ನಡುವೆ ದಾರ ಹಿಡಿದು.

ಅವನು ಅಲ್ಲಾಡುತ್ತಿರಲಿಲ್ಲ. ಅವನು ಲಿವರಾಗಿದ್ದ. ಮುಂದೆ, ಬಲ ಮೂಲೆಯಲ್ಲಿ, ಮೂರನೆಯ ಗೇರು. ಹಿಂದೆ, ಎಡ ಮೂಲೆಯಲ್ಲಿ, ಅವನನ್ನು ಹಿಡಿದೆಳೆಯುವ ಒಂದು ಮಡಿಕೆ. ಲಿವರಿನ ಸುತ್ತ ಕಾರಿನ ನೆಲದಲ್ಲಿ ತೂತಿದೆ, ಅಲ್ಲಿಂದ ಬಿಸಿ, ಹೊಗೆ ಬಂದು ತಲೆ ನೋಯುತ್ತದೆ ಎಂದು ಬುಗುರಿ ಹೇಳಿದ್ದಕ್ಕೆ ಇದೇ ಹೆಂಡತಿ ತನ್ನ ಹಳೆಯ ಕೈಚೀಲ ಕತ್ತರಿಸಿ ಒಂದು ಚರ್ಮದ ಗವಸು ಹೊಲಿದುಕೊಟ್ಟಿದ್ದಳು. ಮೇಲೆ ಲಿವರಿನ ಕತ್ತಿಗೆ ಕಟ್ಟಿ, ಕೆಳಗೆ ನೆಲಕ್ಕೆ ರಿಂಗು ಹಾಕಿ ಬಿಗಿಯುವುದು. ಮೇಸ್ತ್ರಿಗೆ ಅದು ಜೋಲುವುದು ಕಂಡು ಸರಿಬರಲಿಲ್ಲ. ಹೆಚ್ಚಾದ ಚರ್ಮವನ್ನು ಹಿಂದಿನ ಎಡ ಮೂಲೆಯಲ್ಲಿ ಮಡಿಸಿ, ರಿಂಗಿನ ಅಡಿಗೆ ತುರುಕಿ, ಡೋಲಿನ ಹಾಗೆ ಬಿಗಿದಿದ್ದ. ನಿಂತ ಕಾರು ನ್ಯೂಟ್ರಲ್ಲಿನಲ್ಲಿರುತ್ತದೆ. ನ್ಯೂಟ್ರಲ್ಲಿನಲ್ಲಿ ನೋಡಿದರೆ ಎಷ್ಟು ಚೆಂದ. ಪೆಟ್ಟಿಗೆ ಇಳಿಸಬೇಕಾದಾಗಲೆಲ್ಲ ಮೊದಲು ಬಿಚ್ಚುತ್ತಿದ್ದುದು ಆ ಗವಸನ್ನೇ. ತಾನು ಓಡಿಸಿ ನೋಡುತ್ತಿದ್ದುದು ಗವಸಿಲ್ಲದೆ. ನಿಂತಿತು ಎಂದು ಖುಷಿಯಾಗಿ, ಕೊನೆಗೆ ಅಲಂಕಾರ ಮುಗಿಸುವವನ ಹಾಗೆ ಗವಸು ಬಿಗಿದು, ಕೈ ಒರೆಸಿಕೊಂಡು, ಬುಗುರಿಗೆ ಕಾರು ಕೊಡುತ್ತಿದ್ದ.

ಅರ್ಧ ಹೊಲಿದ ಕೋಟಿನಲ್ಲೇ ಗ್ಯಾರೇಜಿಗೆ ಓಡಿದ. ಸೂಜಿ ಕಂಕುಳಲ್ಲಿ ನೇತಾಡುತ್ತಿತ್ತು, ಚುಚ್ಚುತ್ತಿತ್ತು. ಗವಸು ಬಿಗಿದು, ಕ್ಲಚ್ಚು ಒತ್ತಿ ಮೂರಕ್ಕೆ ಹಾಕಿ, ಕೈ ಬಿಟ್ಟ. ಚರ್ಮದ ಮೈಮೇಲೆ ಕರ್ಣರೇಖೆಯಲ್ಲಿ ಒಂದು ಸುಕ್ಕು ಎದ್ದಿತು, ಬೈಗುಳ ನುಂಗಿದವನ ಕೊರಳಿನ ನರದ ಹಾಗೆ. ಲಿವರು ಮುಂದಕ್ಕೆ ಹೋಗಬೇಕಾದಷ್ಟು ಹೋಗಿರಲಿಲ್ಲ, ಕೂದಲೆಳೆಯಷ್ಟು ಹಿಂದಿತ್ತು. ಆ ಕೂದಲೆಳೆಯಷ್ಟೇ ಹಲ್ಲು ಹಲ್ಲಿನೊಳಗೆ ಕಡಿಮೆ ಕೂತಿತ್ತು. ಇಂಜಿನ್ನು ಎಳೆಯುವಷ್ಟು ಹೊತ್ತು ಹೇಗೋ ಕಚ್ಚಿಕೊಂಡಿದ್ದು, ಕಾಲು ತೆಗೆದಾಗ ಬಿಟ್ಟುಬಿಡುತ್ತಿತ್ತು. ಪೆಟ್ಟಿಗೆ ತಪ್ಪು ಮಾಡಿರಲಿಲ್ಲ. ಅವನು ಆರಿಸಿದ್ದು ಸರಿಯಾಗಿತ್ತು. ಅದನ್ನು ನೆನೆದು ಒಂದು ಕ್ಷಣ ಎದೆ ಉಬ್ಬಿತು. ಮರುಕ್ಷಣ ಅದಕ್ಕೇ ನಾಚಿಕೆಯಾಗಿ, ತುಟಿಗೆ ಬಂದ ನಗುವನ್ನು ಯಾರಾದರೂ ನೋಡಿದರೇನೋ ಎಂದು ಖಾಲಿ ಗ್ಯಾರೇಜಿನ ಸುತ್ತ ಕಣ್ಣಾಡಿಸಿದ. ಬುಗುರಿ ಲಿವರಿನ ಮೇಲೆ ಕೈ ಇಟ್ಟುಕೊಂಡು ಕೂತದ್ದು ಚಟದಿಂದಲ್ಲ. ಬೀಳುವುದನ್ನು ಹಿಡಿದುಕೊಂಡಿದ್ದ. ಒಂದೇ ಕೈಯಲ್ಲಿ ಆ ತಿರುವು ತಿರುಗಿಸುತ್ತ, ಇನ್ನೊಂದರಲ್ಲಿ ಭಾವನ ಮಾನ ಹಿಡಿದುಕೊಂಡಿದ್ದ.

ಹೆಂಡತಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಗ್ಯಾರೇಜಿನೊಳಗೆ ಅವಳು ಬಂದರೆ ಅವನು ಗೊಣಗುತ್ತಿದ್ದ, ಅದಕ್ಕೆ ಹೊಸ್ತಿಲು ದಾಟಲಿಲ್ಲ.

"ನನ್ನ ಹೊಲಿಗೆ ಕೆಟ್ಟಿತ್ತಾ?" ಎಂದಳು.

"ಇಲ್ಲ ಕಣೇ. ನಾನು ಬಿಗಿದದ್ದು."

ಅವಳು ಒಳಗೆ ಬಂದು, ಬಾಗಿ, ರಿಂಗಿನ ಅಡಿಯ ಮಡಿಕೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ತಾನು ಬೇಕೆಂದೇ ಬಿಟ್ಟಿದ್ದ ಚರ್ಮ ಅದು, ಒಂದು ಬೆರಳಷ್ಟು. ಅಲ್ಲಾಡುವ ಮೈಗೆ ಹೊಲಿಯುವಾಗ ಯಾರಾದರೂ ಬಿಡುವುದು. "ಇದನ್ನ ಅವನಿಗೆ ಹೇಳಿ," ಎಂದಳು, "ನನಗೆ ಹೇಳಿ ಏನು ಬಂತು," ಎಂದು ಅವನ ಕಂಕುಳಿನ ಸೂಜಿಯನ್ನು ಕಿತ್ತು ತನ್ನ ಸೆರಗಿಗೆ ಚುಚ್ಚಿಕೊಂಡು ಹೋದಳು.

ಮೇಸ್ತ್ರಿ ಮೊದಲು ಯಜಮಾನರ ಮನೆಗೆ ಹೋದ. ಯಾಕೆಂದರೆ ಅದು ಸುಲಭವಿತ್ತು. ಅವರು ಜಗುಲಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು, ಸಿಪ್ಪೆ ಎಲ್ಲೂ ಹರಿಯದ ಹಾಗೆ ಬಹಳ ಮನಸ್ಸಿಟ್ಟು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ತನ್ನ ಕಿವಿಗೇ ಅದು ಅಡುಗೂಲಜ್ಜಿಯ ಕಥೆಯಂತೆ ಕೇಳಿಸಿತು: ಉಕ್ಕಿನ ಗೇರನ್ನು ಹೆಂಗಸರ ಕೈಚೀಲದ ಚರ್ಮ ಕಿತ್ತು ಹಾಕಿದ್ದು. ಯಜಮಾನರು ಒಂದು ತೊಳೆ ಬಾಯಿಗೆ ಹಾಕಿಕೊಂಡು ನಕ್ಕರು.

"ಮೇಸ್ತ್ರಿ, ಮನೆಯವರ ಕಾಟ ಅಂದ್ರೆ ನನಗೂ ಗೊತ್ತು. ಭಾವಮೈದುನನ್ನ ಉಳಿಸ್ಕೋಬೇಕು, ಅದಕ್ಕೆ ಪಾಪ ಆ ಚೀಲದ ತಲೆಗೆ ಕಟ್ತೀರಿ. ಕೈ ಸರಿಯಿಲ್ಲ ಅಂತ ನೀವೇ ಅಂದ್ರಲ್ಲ, ಎಲ್ಲರ ಎದುರಿಗೆ."

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಹುಡುಕಿದ, ಸಿಗಲಿಲ್ಲ. ಜೀವನವಿಡೀ ಕರೆಯದೆ ಬರುತ್ತಿದ್ದದ್ದು ಕರೆದಾಗ ಬರಲಿಲ್ಲ. ತಪ್ಪು ಕಾರಣ ಹೇಳಿದಾಗ ಎಲ್ಲರೂ ನಂಬಿದ್ದರು, ಏಕೆಂದರೆ ಅದರಲ್ಲಿ ವಿದ್ಯೆಯ ವಾಸನೆಯಿತ್ತು. ನಿಜಕ್ಕೆ ಅಡುಗೆಮನೆಯ ವಾಸನೆ. ಕಾಲಿನ ಕೆಳಗಿನ ಸಿಪ್ಪೆಯನ್ನು ನೋಡುತ್ತ ನಿಂತೇ ಇದ್ದ, ಹೋಗಲಿಲ್ಲ. ಕೊನೆಗೆ ಯಜಮಾನರಿಗೆ ಬೇಸರ ಬಂತೋ ಕನಿಕರವೋ, ನಾಳೆ ಬೆಳಿಗ್ಗೆ ಟ್ರ್ಯಾಕಿಗೆ ಬರುತ್ತೇನೆ, ಇಳಿಜಾರಿನ ಬುಡದಲ್ಲಿ ನಿಂತು ನೋಡುತ್ತೇನೆ ಎಂದರು. "ಗೇರು ಬೀಳಬಾರದು. ಆಮೇಲೆ ಅವನ ಎರಡು ಕೈಯೂ ಸ್ಟೀರಿಂಗ್ ಮೇಲೆ ಕಾಣ್ಬೇಕು ನನಗೆ. ಒಂದು ಕೆಳಗಿದ್ರೂ ಬೇರೆಯವನನ್ನ ಕರೀತೀನಿ."

ಬೇಕರಿಯ ಹಿಂಬದಿಯಲ್ಲಿ ಬುಗುರಿ ವ್ಯಾನಿಗೆ ತಟ್ಟೆಗಳನ್ನು ತುಂಬುತ್ತಿದ್ದ. ಬಿಸಿ ಬ್ರೆಡ್ಡಿನ ಹಬೆಯಲ್ಲಿ ಅವನ ಮುಖ ಕಂಡೂ ಕಾಣದ ಹಾಗಿತ್ತು. ಮೇಸ್ತ್ರಿ ಗವಸಿನ ವಿಷಯ ಹೇಳಿದ. ಮಡಿಕೆ ತಾನು ಹಾಕಿದ್ದು ಎಂದೂ ಹೇಳಿದ. ತಪ್ಪಾಯಿತು ಎನ್ನುವ ಇನ್ನೊಂದು ಮಾತಿತ್ತು, ಅದು ಹಲ್ಲಿಗೆ ಹಲ್ಲು ಕೂರದ ಗೇರಿನ ಹಾಗೆ ಕಿರ್ರೆಂದು ನಿಂತಿತು. ಬುಗುರಿ ತಟ್ಟೆ ಜೋಡಿಸುತ್ತಲೇ ಕೇಳಿಸಿಕೊಂಡ. ಯಜಮಾನರ ಷರತ್ತು ಕೇಳಿದಾಗ ಮಾತ್ರ ಕೈ ನಿಂತಿತು.

"ಕೈ ಎತ್ತಿದಾಗ ಬಿದ್ರೆ ಭಾವ? ಆ ತಿರುವಿನ ಆಚೆ ಗೋಡೆ ಇದೆ."

"ಬೀಳಲ್ಲ."

"ಹೋದ ಸಲಾನೂ ಹಾಗೇ ಅಂದಿದ್ರಿ."

"ನಾನೂ ಪಕ್ಕದಲ್ಲಿ ಕೂತಿರ್ತೀನಿ."

ಬುಗುರಿ ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ, ಅಕ್ಕನಿಗೆ ಕೊಡಿ ಎಂದು ಅವನ ಕೈಗಿಟ್ಟ. ದಾರಿಯುದ್ದಕ್ಕೂ ಅದು ಎದೆಗೆ ಬಿಸಿಯಾಗಿ ತಗಲುತ್ತಿತ್ತು. ಅದು ಒಪ್ಪಿಗೆಯೋ ವಿದಾಯವೋ ತಿಳಿಯಲಿಲ್ಲ.

ಬೆಳಿಗ್ಗೆ ಟ್ರ್ಯಾಕಿನ ಮೇಲೆ ಮಂಜು ತೆಳ್ಳಗೆ ಹಾಸಿತ್ತು. ಬುಗುರಿ ಮೊದಲೇ ಬಂದು ಕಾರಿನಲ್ಲಿ ಕೂತಿದ್ದ. ಪರೀಕ್ಷೆಗೆಂದು ಎಡಗಡೆ ಹಳೆಯ ಸೀಟೊಂದನ್ನು ಬಿಗಿದಾಗಿತ್ತು. ಮೇಸ್ತ್ರಿ ಅದರಲ್ಲಿ ಕೂತು ಬೆಲ್ಟು ಹಾಕಿಕೊಂಡ. ಇಬ್ಬರ ನಡುವೆ ಲಿವರು, ಅದರ ಬುಡದಲ್ಲಿ ಗವಸು. ಹೆಂಡತಿ ಬಿಟ್ಟಷ್ಟೂ ಚರ್ಮ ಹೊರಗಿತ್ತು, ಮುದುಕಿಯ ಕತ್ತಿನ ಹಾಗೆ ಜೋತುಬಿದ್ದಿತ್ತು. ಮೇಸ್ತ್ರಿಯ ಬೆರಳು ಅದನ್ನು ಒಪ್ಪ ಮಾಡಲು ಚಡಪಡಿಸಿತು. ಸುಮ್ಮನಿದ್ದ. ಕಾರು ಹೊರಟಿತು. ಒಂದು, ಎರಡು, ಮೂರು. ಹತ್ತಿರ ಹತ್ತಿರದ ಮೆಟ್ಟಿಲು, ಇಂಜಿನ್ನು ಒಮ್ಮೆಯೂ ತೂಕಡಿಸಲಿಲ್ಲ. ಹಾಡಿನ ನಡುವೆ ಉಸಿರು ತೆಗೆದುಕೊಂಡದ್ದೇ ತಿಳಿಯದಂಥ ಹಾಡು. ಏನೋ ಹೇಳಬೇಕೆನಿಸಿತು, ಆದರೆ ಆ ಗದ್ದಲದಲ್ಲಿ ಮಾತು ಬಾಯಿಂದ ಹೊರಬಿದ್ದರೂ ಯಾರಿಗೂ ಸೇರುತ್ತಿರಲಿಲ್ಲ. ಬೇಲಿ, ಮರ, ಮಂಜು ಎಲ್ಲ ಒಂದರೊಳಗೊಂದು ಕರಗಿ ಹಿಂದಕ್ಕೆ ಹರಿದವು. ತಾನು ಚಿಕ್ಕವನಾಗಿ ಯಾರದೋ ತೊಡೆಯ ಮೇಲೆ ಕೂತಿರುವಂತೆ ಅನಿಸಿತು.

ಏರಿನ ನೆತ್ತಿ ದಾಟಿತು. ಇಳಿಜಾರು ಬಾಯಿ ತೆರೆಯಿತು. ಬುಡದಲ್ಲಿ ತಿರುವು, ತಿರುವಿನ ಆಚೆ ಗೋಡೆ, ಈಚೆ ಬೆರಳಷ್ಟಾಗಿ ಯಜಮಾನರು. ಬುಗುರಿಯ ಎಡಗೈ ಲಿವರಿನ ಮೇಲಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಮೇಸ್ತ್ರಿ ಆ ಕೈಯನ್ನೇ ನೋಡಿದ. ತೆಗಿ ಎನ್ನುವ ಮಾತು ನಾಲಿಗೆಯ ಮೇಲಿತ್ತು, ಅದೇ ಹಳೆಯ ಮಾತು, ಅದನ್ನು ನುಂಗಿದ. ಬುಗುರಿ ಆಕ್ಸಲರೇಟರಿನಿಂದ ಕಾಲು ತೆಗೆದ. ಇಂಜಿನ್ನಿನ ಕೂಗು ತಗ್ಗಿ ಗೊಗ್ಗರಾಯಿತು, ಲಿವರು ಚಳಿ ಹಿಡಿದಂತೆ ನಡುಗಿತು. ಆಗ ಆ ಕೈ ಎದ್ದಿತು. ಎದ್ದು, ಸ್ಟೀರಿಂಗಿನ ಮೇಲೆ ಇನ್ನೊಂದು ಕೈಯ ಪಕ್ಕದಲ್ಲಿ ಹೋಗಿ ಕೂತಿತು, ಎಷ್ಟೋ ದಿನದ ಮೇಲೆ ಮನೆಗೆ ಬಂದವರ ಹಾಗೆ.

ಲಿವರಿನ ಮೇಲೆ ಇನ್ನೂ ಒಂದು ಕೈ ಇತ್ತು. ಎಣ್ಣೆ ಹಿಡಿದ ಉಗುರು, ಒಡೆದ ಹೆಬ್ಬೆರಳು. ಮೇಸ್ತ್ರಿ ಅದನ್ನು ಬೇರೆ ಯಾರದೋ ಎಂಬಂತೆ ನೋಡಿದ. ಅದು ಯಾವಾಗ ಹೋಯಿತೋ ಅವನಿಗೆ ತಿಳಿಯದು. ತಾನೇ ಆರಿಸಿ, ತಾನೇ ಬಿಚ್ಚಿ, ತಾನೇ ಕಟ್ಟಿದ ಪೆಟ್ಟಿಗೆಯ ಲಿವರನ್ನು ಮುಂದಕ್ಕೆ ಒತ್ತಿ, ಅವನ ಬಲಗೈ ಬಿಗಿಯಾಗಿ ಹಿಡಿದುಕೊಂಡು ಕೂತಿತ್ತು.

ಬುಗುರಿ ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ.

"ಕೈ ತೆಗೀರಿ ಭಾವ," ಎಂದ. "ಅದೇನು ಊರುಗೋಲಾ?"

ಅದರಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ನಗು ಇತ್ತೋ ಏನೋ. ಮೇಸ್ತ್ರಿ ಕೈ ಎತ್ತಿದ. ಎಲ್ಲಿಡುವುದೆಂದು ತೋಚದೆ ತೊಡೆಗೆ ಒರೆಸಿಕೊಂಡ, ಒಮ್ಮೆ, ಮತ್ತೊಮ್ಮೆ. ಕಾರು ತಿರುವಿನೊಳಕ್ಕೆ ವಾಲಿತು. ಯಾರ ಕೈಯೂ ಇಲ್ಲದೆ ಲಿವರು ತನ್ನ ಮೂಲೆಯಲ್ಲಿ ನಿಂತು ನಡುಗುತ್ತಿತ್ತು. ಅದರ ಬುಡದಲ್ಲಿ ಹಳೆಯ ಕೈಚೀಲದ ಚರ್ಮ ಮೆತ್ತಗೆ ಸುಕ್ಕಾಗುತ್ತ, ಬಿಚ್ಚಿಕೊಳ್ಳುತ್ತ, ಉಸಿರಾಡುತ್ತಿತ್ತು.